ಕಾಲ್ನಡಿಗೆಯಲ್ಲಿ ಕಾಣುವ ಯುದ್ಧ

ಯುದ್ಧವನ್ನು ನಾವು ಸಾಮಾನ್ಯವಾಗಿ ಎತ್ತರದಿಂದ ನೋಡುತ್ತೇವೆ. ಚರಿತ್ರೆಯ ಪುಸ್ತಕದಲ್ಲಿ ಭೂಪಟದ ಮೇಲಿನ ಬಾಣದ ಗುರುತುಗಳು, ದೂರದರ್ಶನದ ಪರದೆಯಲ್ಲಿ ಹೊಗೆಯ ಚಿತ್ರಗಳು, ದಿನಪತ್ರಿಕೆಯಲ್ಲಿ ಸತ್ತವರ ಸಂಖ್ಯೆ. ಆ ಎತ್ತರದಿಂದ ಊರು ಕಾಣುತ್ತದೆ, ಮನೆ ಕಾಣುವುದಿಲ್ಲ. ಹಾಗಾದರೆ ಬಾಂಬಿಗೆ ತುತ್ತಾದ ನಗರವೊಂದನ್ನು ನಡೆದು ನೋಡುವುದರಿಂದ ಏನು ಫಲ? ಅದು ಪರರ ನೋವನ್ನು ಕಂಡುಬರುವ ಪ್ರವಾಸ ಮಾತ್ರವೋ, ಅಥವಾ ನಮ್ಮ ಮನಸ್ಸಾಕ್ಷಿಗೂ ಅದರಲ್ಲಿ ಪಾಠವುಂಟೋ? ಇಂಗ್ಲೆಂಡಿನ ಕೊವೆಂಟ್ರಿ ನಗರವು ಈ ಪ್ರಶ್ನೆಯನ್ನು ಕೇಳಿಕೊಳ್ಳಲು ತಕ್ಕ ಸ್ಥಳ.

1940ರ ನವೆಂಬರ್ 14ರ ಸಂಜೆ ಆರಂಭವಾದ ದಾಳಿ ಮರುದಿನ ಬೆಳಗಿನ ತನಕ ನಡೆಯಿತು. ಸುಮಾರು 500 ಜರ್ಮನ್ ವಿಮಾನಗಳು ಅದರಲ್ಲಿ ಪಾಲ್ಗೊಂಡವು. ಮುಂಚೂಣಿಯ ವಿಮಾನಗಳಿಗೆ ದಾರಿ ತೋರಿದ್ದು ರೇಡಿಯೊ ಕಿರಣಗಳು. ಒಂದನ್ನೊಂದು ಹಾಯ್ದ ಆ ಕಿರಣಗಳ ನೆರವಿನಿಂದ ಅವು ಗುರಿಯನ್ನು ಕಂಡುಕೊಂಡವು. ವಿಮಾನದ ಎಂಜಿನ್ನುಗಳನ್ನೂ ವಾಹನಗಳನ್ನೂ ತಯಾರಿಸುವ ಕಾರ್ಖಾನೆಗಳು ಆ ನಗರದಲ್ಲಿದ್ದವು ಎಂಬುದು ನಿಜ. ಆದರೆ ಅವು ಮನೆಗಳ ನಡುವೆಯೇ ಇದ್ದವು. ಆ ಒಂದು ರಾತ್ರಿಯಲ್ಲಿ 560ಕ್ಕೂ ಹೆಚ್ಚು ಜನ ಮಡಿದರು. 4,000ಕ್ಕೂ ಹೆಚ್ಚು ಮನೆಗಳು ನಾಶವಾದವು. ನಗರವೊಂದನ್ನು ನೆಲಸಮ ಮಾಡುವುದಕ್ಕೆ ಕೊವೆಂಟ್ರಿಯ ಹೆಸರಿನಿಂದಲೇ ಜರ್ಮನ್ ಭಾಷೆಯಲ್ಲಿ ಒಂದು ಕ್ರಿಯಾಪದ ಹುಟ್ಟಿಕೊಂಡಿತು.

ಈಗ ನೆಲದ ಮೇಲೆ ನಡೆಯೋಣ. ನಗರದ ನಡುವಿನ ಬ್ರಾಡ್‌ಗೇಟ್ ಚೌಕದಿಂದ ಸ್ವಲ್ಪವೇ ದೂರದಲ್ಲಿ ಗ್ರೇಫ್ರಯರ್ಸ್ ಓಣಿ ಇದೆ. ಅಲ್ಲಿ ಮರದ ಚೌಕಟ್ಟಿನ ಪುರಾತನ ಕಟ್ಟಡವೊಂದು ನಿಂತಿದೆ. ಅದು ಹದಿನಾರನೆಯ ಶತಮಾನದಿಂದ ಬಡ ವೃದ್ಧರಿಗೆ ಆಶ್ರಯವಾಗಿದ್ದ ಫೋರ್ಡ್ಸ್ ಹಾಸ್ಪಿಟಲ್. ದೊಡ್ಡ ದಾಳಿಗೆ ಒಂದು ತಿಂಗಳು ಮುಂಚೆ ಅಲ್ಲಿ ಬಿದ್ದ ಬಾಂಬಿಗೆ ಮೇಲ್ವಿಚಾರಕರು, ದಾದಿ ಹಾಗೂ ಆರು ಮಂದಿ ನಿವಾಸಿಗಳು ಬಲಿಯಾದರು. ಅಲ್ಲಿಂದ ಲಂಡನ್ ರಸ್ತೆಯ ಸ್ಮಶಾನಕ್ಕೆ ಹೋದರೆ, ನವೆಂಬರ್ ದಾಳಿಯಲ್ಲಿ ಮಡಿದವರನ್ನು ಒಟ್ಟಾಗಿ ಮಣ್ಣುಮಾಡಿದ ನೆಲ ಸಿಗುತ್ತದೆ. ಭೂಪಟದ ಬಿಂದು ಇಲ್ಲಿ ಬಾಗಿಲಾಗುತ್ತದೆ, ಓಣಿಯಾಗುತ್ತದೆ, ಹೆಸರಾಗುತ್ತದೆ.

ನಡಿಗೆ ಕೊನೆಗೆ ಸಂತ ಮೈಕೇಲರ ಪ್ರಧಾನ ದೇವಾಲಯದ ಅವಶೇಷಗಳಿಗೆ ತಲಪುತ್ತದೆ. ಗೋಪುರವೂ ಹೊರಗೋಡೆಗಳೂ ಉಳಿದಿವೆ. ಮೇಲೆ ಛಾವಣಿಯಿಲ್ಲ, ಆಕಾಶವಿದೆ. ಸುಟ್ಟು ಕರಿಕಾದ ಎರಡು ತೊಲೆಗಳು ಶಿಲುಬೆಯಂತೆ ಬಿದ್ದಿದ್ದುದನ್ನು ಕಂಡ ಕಲ್ಲುಕುಟಿಗನೊಬ್ಬನು ಅವುಗಳನ್ನು ಕಟ್ಟಿ ನಿಲ್ಲಿಸಿದನು. ದೇವಾಲಯದ ಪ್ರಧಾನ ಪಾಲಕರಾಗಿದ್ದ ರಿಚರ್ಡ್ ಹೋವರ್ಡ್ ಅವರು ಆ ವರ್ಷದ ಕ್ರಿಸ್ಮಸ್ ದಿನದಂದೇ, ಎಷ್ಟೇ ಕಷ್ಟವಾದರೂ ಸೇಡಿನ ಯೋಚನೆಯನ್ನು ದೂರವಿಡಲು ಯತ್ನಿಸುತ್ತಿದ್ದೇವೆಂದು ರೇಡಿಯೊದಲ್ಲಿ ಸಾರಿದರು. 1948ರಲ್ಲಿ ಬಲಿಪೀಠದ ಹಿಂದಿನ ಗೋಡೆಯ ಮೇಲೆ ಎರಡೇ ಪದಗಳನ್ನು ಕೆತ್ತಿಸಿದರು: "ತಂದೆಯೇ, ಕ್ಷಮಿಸು."

ಶಿಲುಬೆಯ ಮೇಲಿಂದ ಕರ್ತನು ಮಾಡಿದ ಬಿನ್ನಹವನ್ನು ಬಲ್ಲ ನಾವು ಇಲ್ಲಿ ಒಂದು ಪದ ಬಿಟ್ಟುಹೋಗಿದೆಯೆಂದು ಗಮನಿಸುತ್ತೇವೆ. 'ಅವರನ್ನು' ಎಂಬ ಪದ ಅಲ್ಲಿಲ್ಲ. ಪಾಪರಹಿತನಾದ ಕ್ರಿಸ್ತನು 'ಅವರನ್ನು' ಎನ್ನಬಲ್ಲನು. ನಾವು ಹಾಗೆನ್ನುವಾಗ ನಮ್ಮನ್ನು ಅದರಿಂದ ಹೊರಗಿಟ್ಟುಕೊಳ್ಳುವುದಿಲ್ಲವೇ?

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಏಳುತ್ತದೆ. ಬಾಂಬು ಹಾಕಿದವನನ್ನೂ ಬಾಂಬಿಗೆ ಬಲಿಯಾದ ವೃದ್ಧೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಧರ್ಮವೇ? ಖಂಡಿತ ಅಲ್ಲ. ಹಿಟ್ಲರನ ಆಡಳಿತದ ಅಪರಾಧಗಳಿಗೆ ಹೆಸರುಂಟು, ಹೊಣೆಯುಂಟು. ಆ ಹೆಸರನ್ನು ಅಳಿಸಿದ ಕ್ಷಮೆ ಕ್ಷಮೆಯಲ್ಲ, ಮರೆವು. ಆದರೆ ಆ ಪದಗಳನ್ನು ಕೆತ್ತಿಸಿದ ವರ್ಷವನ್ನು ನೆನೆಯಿರಿ. ಅಷ್ಟು ಹೊತ್ತಿಗೆ ಕೊವೆಂಟ್ರಿಯಲ್ಲಿ ಬೆಂಕಿ ಹಬ್ಬಿದ ರೀತಿಯನ್ನು ಬ್ರಿಟಿಷ್ ವಾಯುಪಡೆ ಅಧ್ಯಯನ ಮಾಡಿ, ಅದೇ ಪಾಠವನ್ನು ಜರ್ಮನಿಯ ಮೇಲೆ ಪ್ರಯೋಗಿಸಿಯಾಗಿತ್ತು. 1943ರ ಜುಲೈಯಲ್ಲಿ ಹ್ಯಾಂಬರ್ಗ್ ನಗರದಲ್ಲಿ 30,000ಕ್ಕೂ ಹೆಚ್ಚು ಜನ, 1945ರ ಫೆಬ್ರವರಿಯಲ್ಲಿ ಬ್ರಿಟಿಷ್ ಹಾಗೂ ಅಮೆರಿಕನ್ ವಿಮಾನಗಳ ದಾಳಿಗೆ ಡ್ರೆಸ್ಡೆನ್ ನಗರದಲ್ಲಿ ಸುಮಾರು 25,000 ಜನ ಸತ್ತಿದ್ದರು. ಅಲ್ಲಿಯೂ ವೃದ್ಧೆಯರಿದ್ದರು, ದಾದಿಯರಿದ್ದರು. 1944ರ ಫೆಬ್ರವರಿ 9ರಂದು ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ ಅವರು ಬ್ರಿಟನ್ನಿನ ಮೇಲ್ಮನೆಯಲ್ಲಿ ಎದ್ದು ನಿಂತು, ಇಡೀ ನಗರಗಳನ್ನು ಸುಡುವುದನ್ನು ಹೇಗೆ ಸಮರ್ಥಿಸುವಿರೆಂದು ತಮ್ಮದೇ ಸರ್ಕಾರವನ್ನು ಕೇಳಿದರು. ಅದಕ್ಕಾಗಿ ನಿಂದೆಗೂ ಗುರಿಯಾದರು. ನಮ್ಮವರ ನೋವನ್ನು ನಡೆದು ನೋಡಿ, ಪರರ ನೋವನ್ನು ಮಾತ್ರ ಎತ್ತರದಿಂದ ನೋಡುವುದಕ್ಕೆ ಅವರು ಒಪ್ಪಲಿಲ್ಲ.

ಕ್ಷಮೆಯ ಆರಂಭ ಇಲ್ಲಿಯೇ ಇದೆಯೆಂದು ತೋರುತ್ತದೆ. ಅದು ಮೊದಲು ಒಂದು ಭಾವನೆಯಲ್ಲ, ನೋಡುವ ರೀತಿ. ನಮ್ಮ ಓಣಿಯನ್ನು ನೋಡುವ ಕಣ್ಣಿನಿಂದಲೇ ಎದುರಾಳಿಯ ಓಣಿಯನ್ನೂ ನೋಡುವುದು. ಡ್ರೆಸ್ಡೆನ್‌ನಲ್ಲಿ ಕುಸಿದಿದ್ದ ಫ್ರಾವೆನ್‌ಕಿರ್ಖೆ ದೇವಾಲಯವನ್ನು ಮತ್ತೆ ಕಟ್ಟಿ 2005ರಲ್ಲಿ ಪ್ರತಿಷ್ಠಿಸಲಾಯಿತು. ಅದರ ಶಿಖರದ ಬಂಗಾರದ ಶಿಲುಬೆಯನ್ನು ರೂಪಿಸಿದ ಲಂಡನ್ನಿನ ಅಕ್ಕಸಾಲಿಗನ ತಂದೆ, ಆ ನಗರದ ಮೇಲಿನ ದಾಳಿಯಲ್ಲಿ ವಿಮಾನ ಹಾರಿಸಿದ್ದವರು. ತಂದೆ ಮೇಲಿನಿಂದ ಕಂಡ ಊರಿಗೆ ಮಗ ತನ್ನ ಕೈಗೆಲಸವನ್ನು ಕಳುಹಿಸಿದನು.

ಪ್ರಿಯ ಓದುಗರೇ, ನಮ್ಮಲ್ಲಿ ಬಹುಮಂದಿ ಕೊವೆಂಟ್ರಿಗೆ ಹೋಗಲಾರೆವು. ಆದರೆ ಎತ್ತರದಿಂದ ನೋಡಿ ತೀರ್ಪು ಕೊಡುವ ಚಟ ಯುದ್ಧಕ್ಕೆ ಮಾತ್ರ ಸೇರಿದ್ದಲ್ಲ. ವರ್ಷಗಳಿಂದ ಮಾತು ಬಿಟ್ಟ ದಾಯಾದಿಯ ಮನೆಯಿರಬಹುದು, ನಮಗೆ ಹಿಡಿಸದ ಜನರ ಕೇರಿಯಿರಬಹುದು. ದೂರದಿಂದ ಅದು 'ಅವರ' ಕಡೆ. ನಡೆದು ಹೋಗಿ ಬಾಗಿಲಲ್ಲಿ ನಿಂತರೆ ಅಲ್ಲಿ ಒಬ್ಬ ಮುದುಕಿ, ಒಂದು ಮಗು, ಒಲೆಯ ಮೇಲೆ ಒಂದು ಪಾತ್ರೆ. ಆ ಬಾಗಿಲ ಮುಂದೆ ನಿಂತು, ಒಂದು ಪದ ಬಿಟ್ಟ ಆ ಚಿಕ್ಕ ಪ್ರಾರ್ಥನೆಯನ್ನು ಮಾಡಬಲ್ಲೆವೇ?