ಬಂದಾ ಬಹಾದೂರನ ಸಂಸಾರ

ಜಮ್ಮು ಸೀಮೆಯ ರಾಜೌರಿಯಲ್ಲಿ 1670ರಲ್ಲಿ ಹುಟ್ಟಿ, ಎಳವೆಯಲ್ಲೇ ಮನೆ ತೊರೆದು, ನಾಂದೇಡದ ಗೋದಾವರಿ ದಂಡೆಯಲ್ಲಿ ಮಠ ಕಟ್ಟಿಕೊಂಡಿದ್ದ ಬೈರಾಗಿ ಮಾಧೋದಾಸ 1708ರಲ್ಲಿ ಸಿಖ್ಖರ ಹತ್ತನೆಯ ಗುರು ಗೋವಿಂದ ಸಿಂಗರನ್ನು ಕಂಡು ಅವರ ‘ಬಂದಾ’, ಅಂದರೆ ಆಳು, ಆದ. ಗುರುಗಳ ಇಬ್ಬರು ಎಳೆಯ ಮಕ್ಕಳನ್ನು ಕೊಲ್ಲಿಸಿದ್ದ ಸರ್‌ಹಿಂದದ ಮೊಘಲ್ ಅಧಿಕಾರಿ ವಜೀರ್ ಖಾನ್ 1710ರ ಮೇ ತಿಂಗಳಲ್ಲಿ ಛಪ್ಪರ್ ಚಿರಿಯ ಬಯಲಿನಲ್ಲಿ ಇವನ ಪಡೆಯೆದುರು ಸತ್ತ. ಗೆದ್ದ ನಾಡಿನ ನಾಣ್ಯದ ಮೇಲೂ ಬಂದಾ ಅಚ್ಚು ಹಾಕಿಸಿದ್ದು ಗುರುಗಳ ಹೆಸರನ್ನೇ, ತನ್ನದನ್ನಲ್ಲ. ಇಷ್ಟನ್ನೂ ಮೆಚ್ಚುವವರಲ್ಲಿ ಕೆಲವರು ಒಂದು ತಕರಾರು ತೆಗೆಯುತ್ತಾರೆ: ಅವನು ಮದುವೆಯಾದ. ಗುರುಗಳು ಬ್ರಹ್ಮಚರ್ಯ ವಿಧಿಸಿದ್ದರು, ಅದನ್ನು ಮೀರಿದ್ದಕ್ಕೇ ಅವನ ಬಲ ಉಡುಗಿತು ಎಂಬ ಕಥೆ ನಂತರದ ಕಥನಗಳಲ್ಲಿ ಬೆಳೆದುಬಂದಿದೆ.

ಈ ಕಥೆಯನ್ನು ನಾನು ಒಪ್ಪಲಾರೆ. ಮೊದಲ ಗುರು ನಾನಕರೇ ಸಂಸಾರಿ. ವಿರಕ್ತನಾಗಿದ್ದ ಮಗ ಶ್ರೀಚಂದನಿಗಲ್ಲ, ಹೆಂಡತಿ ಮಕ್ಕಳಿದ್ದ ಶಿಷ್ಯ ಅಂಗದರಿಗೆ ಅವರು ಗುರುಪೀಠ ಒಪ್ಪಿಸಿದರು. ಬಾಲ್ಯದಲ್ಲೇ ತೀರಿಕೊಂಡ ಹರಕೃಷ್ಣರೊಬ್ಬರನ್ನು ಬಿಟ್ಟರೆ ಉಳಿದ ಒಂಬತ್ತು ಗುರುಗಳೂ ಗೃಹಸ್ಥರೇ. ಇಂಥ ಪರಂಪರೆಯ ಗುರು ಒಬ್ಬನ ಕಾವಿ ಬಿಡಿಸಿ ಮತ್ತೆ ಅವನಿಗೇ ಬೈರಾಗಿಯ ವ್ರತ ತೊಡಿಸಿದರೆಂದು ಹೇಗೆ ನಂಬುವುದು? ಸೋಲಿನ ಕಾರಣವೂ ಕಣ್ಣೆದುರೇ ಇದೆ. ಲಾಹೋರಿನ ಸುಬೇದಾರ ಅಬ್ದುಸ್ಸಮದ್ ಖಾನನ ಸೇನೆ ಗುರದಾಸ್ ನಂಗಲ್‌ನಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು, ಒಳಗೆ ಕಾಳು ಮುಗಿದು ಹುಲ್ಲು ಸೊಪ್ಪು ತಿನ್ನುವಂತಾಯಿತು, 1715ರ ಡಿಸೆಂಬರಿನಲ್ಲಿ ಕೋಟೆ ಬಿತ್ತು. ಹಸಿವು ಬ್ರಹ್ಮಚಾರಿಯನ್ನೂ ಬಿಡುವುದಿಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. 1716ರ ಜೂನ್ 9ರಂದು ದೆಹಲಿಯ ಕುತುಬ್ ಮಿನಾರಿನ ಬಳಿ ಸೆರೆಸಿಕ್ಕ ಬಂದಾನನ್ನು ಕೂರಿಸಿ, ನಾಲ್ಕು ವರ್ಷದ ಮಗ ಅಜಯ್ ಸಿಂಗನನ್ನು ಮಡಿಲಿಗಿಟ್ಟು, ನೀನೇ ಕೊಲ್ಲು ಎಂದರು. ಅವನು ಕೈ ಎತ್ತಲಿಲ್ಲವೆಂದು ಸಿಖ್ ಪರಂಪರೆ ಹೇಳುತ್ತದೆ. ಮಗುವನ್ನು ಕೊಂದರು, ಆಮೇಲೆ ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಅಪ್ಪ ತನ್ನ ದಾರಿಯನ್ನು ತಾನೇ ಆರಿಸಿಕೊಂಡಿದ್ದ, ಮಗು ಆರಿಸಿಕೊಂಡಿರಲಿಲ್ಲ. ಕೊಂದ ಪಾಪ ಕೊಂದವರದೇ. ಆದರೂ ಯುದ್ಧದ ನಡುವೆ ಮಗುವನ್ನು ಹೆತ್ತ ಹೊಣೆ ಅಪ್ಪನದಲ್ಲ ಎನ್ನಲು ನನಗೆ ಬಾಯಿ ಬಾರದು. ನಾನು ಹೇಳುವುದು ಇಷ್ಟೇ: ಗೋದಾವರಿಯ ದಂಡೆಯ ಮಾಧೋದಾಸನಿಂದ ಮೊಘಲ್ ಬಾದಶಹ ಫರ್ರುಖ್‌ಸಿಯರ್ ಕಿತ್ತುಕೊಳ್ಳಬಹುದಾಗಿದ್ದದ್ದು ಪ್ರಾಣ ಒಂದೇ. ಬಂದಾನ ಬಳಿ ಅದಕ್ಕಿಂತ ಹೆಚ್ಚಿನದಿತ್ತು. ಆ ಮಡಿಲು ಬರಿದಾಗುವುದನ್ನು ಕಂಡೂ ಅವನು ನಂಬಿಕೆ ಬಿಡಲಿಲ್ಲ. ಸಂಸಾರ ಅವನನ್ನು ಕುಗ್ಗಿಸಿತ್ತೆಂದರೆ ಅದು ಕಾಣಬೇಕಾಗಿದ್ದದ್ದು ಆ ಗಳಿಗೆಯಲ್ಲಿ. ಇನ್ನೊಬ್ಬ ಹೆಂಡತಿ ಸಾಹಿಬ್ ಕೌರಳಲ್ಲಿ ಹುಟ್ಟಿದ ಮಗ ರಣಜಿತ್ ಸಿಂಗ್ ಉಳಿದುಕೊಂಡ. ಚಿನಾಬ್ ನದಿಯ ದಂಡೆಯಲ್ಲಿ, ರಿಯಾಸಿಯ ಬಳಿ, ಬಂದಾನ ಹೆಸರಿನ ಡೇರಾ, ಅಂದರೆ ಮಠ, ಇಂದಿಗೂ ಇದೆ.