ಕಾಣದ್ದೆಲ್ಲ ಇಲ್ಲದ್ದೇ?



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ಒಂದು ಪ್ರಶ್ನೆ: ಕಣ್ಣಿಗೆ ಕಾಣದ್ದನ್ನು ಇಲ್ಲವೆನ್ನಬಹುದೇ?

1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕ ಆಕಾಶದ ಒಂದು ಪುಟ್ಟ ತುಣುಕನ್ನು ಹತ್ತು ದಿನ ನೋಡಿತು. ಖಾಲಿಯಂತಿದ್ದ ಆ ಜಾಗದಲ್ಲಿ ಸುಮಾರು 3000 ಗೆಲಾಕ್ಸಿಗಳು ಕಂಡವು. 1998ರಲ್ಲಿ ಹವಾಯಿಯ ಮೌನಾ ಕೆಯಾ ಪರ್ವತದ ಮೇಲಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕ ಅದೇ ತುಣುಕನ್ನು 0.85 ಮಿಲಿಮೀಟರ್ ಉದ್ದದ ಅಲೆಗಳಲ್ಲಿ ನೋಡಿತು. ಅಲ್ಲಿ ಎಲ್ಲಕ್ಕಿಂತ ಪ್ರಖರವಾಗಿ ಹೊಳೆದದ್ದು ಹಬಲ್ ಚಿತ್ರದಲ್ಲಿ ಕಾಣಿಸಿಯೇ ಇರಲಿಲ್ಲ!

ಕಾರಣ ಧೂಳು. ನಕ್ಷತ್ರಗಳು ಹುಟ್ಟುವ ಕಡೆ ದಟ್ಟ ಧೂಳಿರುತ್ತದೆ. ಅದು ಬೆಳಕನ್ನು ಹೀರಿ ಬಿಸಿಯಾಗಿ, ಆ ಶಾಖವನ್ನು ಕಣ್ಣಿಗೆ ಕಾಣದ ಉದ್ದನೆಯ ಅಲೆಗಳಾಗಿ ಹೊರಬಿಡುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ದಾರಿಯಲ್ಲಿ ಆ ಅಲೆಗಳೂ ಹಿಗ್ಗುತ್ತವೆ. ಆ ಗೆಲಾಕ್ಸಿಯ ದೂರ ಖಚಿತವಾದದ್ದು 2012ರಲ್ಲಿ, ಫ್ರಾನ್ಸಿನ ಆಲ್ಪ್ಸ್ ಪರ್ವತದ ಮಿಲಿಮೀಟರ್ ದೂರದರ್ಶಕಗಳಿಂದ. ಅದರ ಅಲೆಗಳು ನಮ್ಮನ್ನು ಮುಟ್ಟಲು ಸುಮಾರು 1250 ಕೋಟಿ ವರ್ಷ ಬೇಕಾಯಿತು. ಅಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ನಕ್ಷತ್ರಗಳು ಹುಟ್ಟುತ್ತಿದ್ದವು.

ಹಾಗಾದರೆ ಕಾಣದ ದೇವರು, ದೆವ್ವಗಳನ್ನೂ ಒಪ್ಪಬೇಕೇ? ಇಲ್ಲ. ಆ ಗೆಲಾಕ್ಸಿಯನ್ನು ಯಾರೂ ಭಕ್ತಿಯಿಂದ ಒಪ್ಪಲಿಲ್ಲ. ಹದಿನಾಲ್ಕು ವರ್ಷ ಹುಡುಕಿ, ಅಳೆದು ಒಪ್ಪಿದರು. ಪರಂಪರೆಯೆಂದೋ, ಗ್ರಂಥದಲ್ಲಿದೆಯೆಂದೋ, ಗುರು ಹೇಳಿದರೆಂದೋ ಒಪ್ಪಬೇಡಿ, ನೀವೇ ಅರಿತು ಒಪ್ಪಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಸಿದರು. ಪರೀಕ್ಷಿಸದೆ ಉಂಟೆನ್ನುವುದು ಹೇಗೆ ತಪ್ಪೋ, ಪರೀಕ್ಷಿಸದೆ ಇಲ್ಲವೆನ್ನುವುದೂ ಹಾಗೆಯೇ ತಪ್ಪು.

"ಈಗ ಜಾತಿ ಎಲ್ಲಿದೆ? ನನಗಂತೂ ಕಾಣಿಸುತ್ತಿಲ್ಲ" ಎನ್ನುವವರೆಲ್ಲ ಸುಳ್ಳು ಹೇಳುತ್ತಿರಲಾರರು. ಅವರಿರುವ ಜಾಗದಿಂದ ಅದು ಕಾಣುವುದಿಲ್ಲ. ಬಾಡಿಗೆ ಮನೆ ಕೇಳಲು ಹೋಗಿ, "ನೀವು ಯಾವ ಜನ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಬರಿಗೈಲಿ ಮರಳಿದವರಿಗೆ ಅದು ಚೆನ್ನಾಗಿ ಕಾಣುತ್ತದೆ. ಅವರನ್ನು ಕೇಳದೆ ಹೇಳುವ "ಇಲ್ಲ" ಎಂಬ ಮಾತು, ಒಂದೇ ದೂರದರ್ಶಕ ನೋಡಿ ಕೊಟ್ಟ ತೀರ್ಪು.

ಈ ನಿಯಮ ನಮಗೂ ಅನ್ವಯಿಸುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳ ದಣಿವು, ನಮ್ಮನಮ್ಮಲ್ಲೇ ಉಳಿದಿರುವ ಒಳಜಾತಿಯ ಮೇಲುಕೀಳು ನಮಗೆ ಕಾಣುತ್ತಿದೆಯೇ? ಕಾಣದಿದ್ದರೆ, ಇಲ್ಲವೆನ್ನುವ ಮೊದಲು ಅನುಭವಿಸುತ್ತಿರುವವರನ್ನು ಕೇಳೋಣ. ಕೇಳಿದ ಮೇಲೆ ಸುಮ್ಮನಿರದಿರೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.