ತೊಗರಿ ಕಟ್ಟಿಗೆ: ಬೆಂಕಿಗೋ, ಯಂತ್ರಕ್ಕೋ?

ತೊಗರಿಯ ರಾಶಿ ಮುಗಿದ ಮೇಲೆ ಬದುವಿನಲ್ಲಿ ಉಳಿಯುವ ಕಟ್ಟಿಗೆಯನ್ನು ಏನು ಮಾಡಬೇಕು ಎಂಬುದು ಒಕ್ಕಲುತನದ ಪ್ರಶ್ನೆ. ಆ ಕಟ್ಟಿಗೆಯೊಳಗೆ ಅಷ್ಟರಲ್ಲಿ ಹಲವು ಜೀವಗಳು ಮನೆ ಮಾಡಿಕೊಂಡಿರುವುದರಿಂದ ಅದು ಧರ್ಮದ ಪ್ರಶ್ನೆಯೂ ಹೌದು. ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ತೊಗರಿ ಕಟ್ಟಿಗೆ ಒಲೆಗೆ ಉರುವಲಾಗುತ್ತಿತ್ತು, ಹಿತ್ತಲಿಗೆ ಬೇಲಿಯಾಗುತ್ತಿತ್ತು, ಗುಡಿಸಲಿಗೆ ತಟ್ಟಿಯಾಗುತ್ತಿತ್ತು. ಮನೆಗೆ ಗ್ಯಾಸ್ ಬಂದು, ತಟ್ಟಿಯ ಜಾಗಕ್ಕೆ ತಗಡು ಬಂದ ಮೇಲೆ ಅದನ್ನು ಕೇಳುವವರು ಕಡಿಮೆಯಾದರು. ಒಂದೋ ಕಡ್ಡಿ ಗೀರಿ ಸುಡಬೇಕು, ಇಲ್ಲವೆ ಸಣ್ಣ ಟ್ರ್ಯಾಕ್ಟರಿನ ಹಿಂದೆ ಚಿಪ್ಪರ್-ಶ್ರೆಡ್ಡರ್ ಜೋಡಿಸಿ ಚೂರು ಮಾಡಬೇಕು.

ಈ ಯಂತ್ರ ಟ್ರ್ಯಾಕ್ಟರಿನ ಹಿಂಬದಿಯ ಮೂರು ಕೊಂಡಿಗಳಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಎಂಜಿನ್ನಿನ ಶಕ್ತಿಯನ್ನು ಹೊರಗಿನ ಯಂತ್ರಕ್ಕೆ ದಾಟಿಸುವ, ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ದಂಡ ಒಳಗಿನ ಭಾರದ ಚಕ್ರವನ್ನು ತಿರುಗಿಸುತ್ತದೆ. ಚಕ್ರಕ್ಕೆ ಬಿಗಿದ ಅಲಗುಗಳು ಕದಲದ ಇನ್ನೊಂದು ಅಲಗಿಗೆ ತೀರ ಹತ್ತಿರ ಹಾದುಹೋಗುವಾಗ ನಡುವೆ ಸಿಕ್ಕ ಕಟ್ಟಿಗೆ ತುಂಡಾಗುತ್ತದೆ. ಶ್ರೆಡ್ಡರಿನ ಭಾಗದಲ್ಲಿ ತೂಗಾಡುವ ಕಬ್ಬಿಣದ ಸುತ್ತಿಗೆಗಳು ಎಲೆ, ಸಿಪ್ಪೆ, ಎಳೆ ಟೊಂಗೆಗಳನ್ನು ಜಜ್ಜಿ ಪುಡಿ ಮಾಡುತ್ತವೆ. ಕೊಡಲಿ ಹಿಡಿದ ಕೈ ಗೂಡು ಕಂಡರೆ ಏಟು ತಡೆಯುತ್ತಿತ್ತು. ಯಂತ್ರದ ಬಾಯಿಗೆ ಬಿದ್ದದ್ದೆಲ್ಲ ಒಂದೇ.

ಅಂಥ ಜೀವಗಳಿಗೂ ಉಣಿಸುವ ಈ ಸೀಮೆಯ ದೊಡ್ಡ ಹೊಲದ ಹಬ್ಬ ಎಳ್ಳಮಾವಾಸ್ಯೆ. ಮಾರ್ಗಶಿರ ಮಾಸದ ಆ ಅಮಾವಾಸ್ಯೆಯನ್ನು ಮರಾಠಿಯವರು ವೇಳ ಅಮಾವಾಸ್ಯಾ ಎನ್ನುತ್ತಾರೆ; ಹೆಸರು ಕನ್ನಡದಿಂದಲೇ ಹೋದದ್ದು ಎಂಬ ಮಾತೂ ಉಂಟು. ಉದಗೀರ, ನಿಲಂಗಾಗಳು 1956ರವರೆಗೆ ಬೀದರ ಜಿಲ್ಲೆಯವೇ ಆಗಿದ್ದವು ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಅಂದು ಹೊಲದ ನಡುವೆ ಜೋಳದ ಕಣಿಕಿಯನ್ನು ಗೋಪುರದಂತೆ ನಿಲ್ಲಿಸಿ ಕೊಪ್ಪೆ ಕಟ್ಟುತ್ತಾರೆ. ಒಳಗೆ ಐದು ಕಲ್ಲುಗಳಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಅಂಬಲಿ, ಭಜ್ಜಿ ಪಲ್ಯೆ, ಕಡಬಿನಲ್ಲಿ ಒಂದು ಪಾಲನ್ನು ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆ ತುತ್ತು ಭೂತಾಯಿಗೆ. ತಿನ್ನುವವು ಇರುವೆ, ಹಕ್ಕಿ, ಇಲಿ. ಹೀಗೆ ಕರೆದು ಉಣಿಸಿದ ಆ ಜೀವಗಳೇ ಕೆಲವು ವಾರಗಳ ಮೇಲೆ ಒಣ ಕಟ್ಟಿಗೆಯ ರಾಶಿಯನ್ನು ಸೇರುತ್ತವೆ. ಕೆಳಗಿನ ಕಂತೆ ಎತ್ತಿದರೆ ಚೇಳು, ಓತಿಕ್ಯಾತ, ಕಣ್ಣು ತೆರೆಯದ ಇಲಿಮರಿ ಕಾಣುತ್ತವೆ. ಬೆಂಕಿ ಅಥವಾ ಯಂತ್ರ ಎಂಬ ಆಯ್ಕೆ ಎದುರಾಗುವುದು ಇಲ್ಲಿ.

ಒಕ್ಕಲುತನದಲ್ಲಿ ಹಿಂಸೆ ಇದೆ ಎಂಬ ಮಾತನ್ನು ಹಳೆಯ ಗ್ರಂಥಗಳು ಮುಚ್ಚಿಟ್ಟಿಲ್ಲ. ಒಲೆ, ಬೀಸುಕಲ್ಲು, ಪೊರಕೆ, ಒರಳು, ನೀರಿನ ಕೊಡ ಈ ಐದೂ ಗೃಹಸ್ಥನ ಮನೆಯ ವಧಾಸ್ಥಾನಗಳೆಂದು ಮನುಸ್ಮೃತಿ ಎಣಿಸುತ್ತದೆ. ಕಬ್ಬಿಣದ ಕುಳದ ನೇಗಿಲು ನೆಲವನ್ನೂ ನೆಲದೊಳಗಿನ ಜೀವಗಳನ್ನೂ ಗಾಯಗೊಳಿಸುತ್ತದೆ ಎಂದೂ ಹೇಳುತ್ತದೆ. ಜೈನರು ಇನ್ನೂ ಕರಾರುವಾಕ್ಕು. ಶ್ರಾವಕನಿಗೆ, ಅಂದರೆ ಜೈನ ಗೃಹಸ್ಥನಿಗೆ, ಸಲ್ಲದ 15 ಜೀವನೋಪಾಯಗಳನ್ನು ಅವರು ಕರ್ಮಾದಾನಗಳೆಂದು ಕರೆದರು. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಆ ಪಟ್ಟಿ ಇದೆ. ಅದರಲ್ಲಿ ಕಾಡಿಗೆ, ಹುಲ್ಲಿಗೆ ಬೆಂಕಿ ಇಡುವ ದವದಾನವೂ ಉಂಟು, ಎಳ್ಳು ಕಬ್ಬುಗಳನ್ನು ಯಂತ್ರಕ್ಕೆ ಕೊಟ್ಟು ಅರೆಯುವ ಯಂತ್ರಪೀಡನವೂ ಉಂಟು. ಆ ಅಳತೆಯಲ್ಲಿ ಸುಡುವುದೂ ದೋಷ, ಚೂರು ಮಾಡುವುದೂ ದೋಷ. ಹಾಗಾದರೆ ಒಕ್ಕಲಿಗ ಏನು ಮಾಡಬೇಕು? ಮಹಾಭಾರತದ ವನಪರ್ವದಲ್ಲಿ ಮಾಂಸ ಮಾರುವ ಧರ್ಮವ್ಯಾಧ ಬ್ರಾಹ್ಮಣ ಕೌಶಿಕನಿಗೆ ಹೇಳುವುದು ಇದಕ್ಕೆ ಹತ್ತಿರದ ಉತ್ತರ: ಉಳುವವನೂ ಕೊಲ್ಲುತ್ತಾನೆ, ನಡೆಯುವವನೂ ಕೊಲ್ಲುತ್ತಾನೆ, ಹಿಂಸೆಯಿಂದ ಪೂರ್ತಿ ಪಾರಾದವರು ಯಾರೂ ಇಲ್ಲ, ಪ್ರಯತ್ನಪಟ್ಟರೆ ಅದು ಕಡಿಮೆಯಾಗುತ್ತದೆ.

ಕಡಿಮೆ ಎಲ್ಲಿ ಎಂದು ನೋಡಿದರೆ ಯಂತ್ರದ ಕಡೆಗೇ ತಕ್ಕಡಿ ವಾಲುತ್ತದೆ. ರಾಶಿಗೆ ಸುತ್ತಲೂ ಬೆಂಕಿ ಹೊತ್ತಿಕೊಂಡರೆ ಒಳಗಿನ ಜೀವಕ್ಕೆ ಓಡಲು ದಾರಿ ಉಳಿಯುವುದಿಲ್ಲ. ಮೇಲ್ಮಣ್ಣಿನ ಕಣ್ಣಿಗೆ ಕಾಣದ ಜೀವಗಳೂ ಬೇಯುತ್ತವೆ. ಬೂದಿಯಲ್ಲಿ ಪೊಟ್ಯಾಷ್ ಉಳಿದರೂ ಕಟ್ಟಿಗೆಯ ಇಂಗಾಲ, ಸಾರಜನಕ ಬಹುಮಟ್ಟಿಗೆ ಹೊಗೆಯಾಗಿ ಹೋಗುತ್ತವೆ. ಯಂತ್ರಕ್ಕೆ ಕಂತೆಗಳನ್ನು ಒಂದೊಂದಾಗಿ ಎತ್ತಿ ಕೊಡಬೇಕು. ಹಿಂದಿನ ದಿನವೇ ರಾಶಿಯನ್ನು ಸಡಿಲಿಸಿ, ಕಂತೆಯನ್ನು ನೆಲಕ್ಕೆ ಕೊಡವಿ, ಆಮೇಲೆ ಬಾಯಿಗಿಟ್ಟರೆ ಬಹಳಷ್ಟು ಜೀವ ತಪ್ಪಿಸಿಕೊಳ್ಳುತ್ತದೆ. ಈ ಕೊಡವುವ ಕೆಲಸವನ್ನು ಬಿಟ್ಟವನಿಗೆ ಧರ್ಮವ್ಯಾಧನ ಮಾತಿನ ಆಸರೆ ಸಿಗದು.

ಚೂರು ಎಲ್ಲಿಗೆ ಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಅದನ್ನು ಉರುವಲಿನ ಇಟ್ಟಿಗೆ ಮಾಡುವವರಿಗೆ ಮಾರಿದರೆ ಹೊಲದ ಬೆಂಕಿ ಕಾರ್ಖಾನೆಯ ಒಲೆಗೆ ಹೋಯಿತು, ಹೊಲಕ್ಕೆ ಏನೂ ಮರಳಲಿಲ್ಲ. ಮರಳಿಸುವುದಕ್ಕೂ ಕ್ರಮವಿದೆ. ಕಟ್ಟಿಗೆಯ ಚೂರಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಹಸಿಹಸಿಯಾಗಿ ಮಣ್ಣಿಗೆ ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಮುಂದಿನ ಬೆಳೆ ಹಳದಿಯಾಗುತ್ತದೆ. ಸಗಣಿ ರಾಡಿ ಹಾಕಿ ತಿಪ್ಪೆಯಲ್ಲಿ ಕೊಳೆಸಬೇಕು, ಇಲ್ಲವೆ ನೆಲದ ಮೇಲೆಯೇ ಹಾಸಬೇಕು. ಬೇಸಿಗೆಯಲ್ಲಿ ಬಾಯಿಬಿಡುವ ಎರೆಭೂಮಿಗೆ ಈ ಹಾಸು ತೇವ ಕಾಯುತ್ತದೆ. ಅದರಡಿ ಎರೆಹುಳು ಮತ್ತೆ ಸೇರುತ್ತವೆ. ಚೆಲ್ಲಿದ ಚರಗಕ್ಕೂ ಹಾಸಿದ ಚೂರಿಗೂ ಇರುವ ನಂಟು ಇದು.

ಯಂತ್ರ ಮಾಡಿದ ಕೆಲಸ ಕಾಯಕವೇ ಎಂಬ ಪ್ರಶ್ನೆ ಈ ನೆಲದಲ್ಲಿ ತಪ್ಪದೆ ಏಳುತ್ತದೆ. ಉಮರ್ಗಾದಿಂದ ಪೂರ್ವಕ್ಕೆ ಗಡಿ ದಾಟಿದರೆ ಕಾಯಕವನ್ನು ಸಾರಿದ ಶರಣರ ಬಸವಕಲ್ಯಾಣ. ಕಾಶ್ಮೀರದ ಅರಸುತನ ಬಿಟ್ಟು ಬಂದವನೆಂದು ಪರಂಪರೆ ಹೇಳುವ ಮಾರಯ್ಯ, ಅದೇ ಸೀಮೆಯಲ್ಲಿ ಕಟ್ಟಿಗೆ ಹೊರೆ ಮಾರಿ ಬದುಕಿದ. ಹೊರೆಗೆ ಮೋಳಿಗೆ ಎನ್ನುತ್ತಿದ್ದರು. ಅವನು ಮೋಳಿಗೆಯ ಮಾರಯ್ಯನಾದ. ಅವನ ಕಾಯಕಕ್ಕೆ ಬೆಲೆ ಬಂದದ್ದು ಕೊಡಲಿಯಿಂದಲ್ಲ, ಬಂದದ್ದರಲ್ಲಿ ದಾಸೋಹ ನಡೆಸಿದ್ದರಿಂದ. ಆದ್ದರಿಂದ ಟ್ರ್ಯಾಕ್ಟರು ಬಂದ ಮಾತ್ರಕ್ಕೆ ಕಾಯಕ ಕೆಡುವುದಿಲ್ಲ. ಅದು ಕೆಡುವುದು ಮಿತಿ ತಪ್ಪಿದಾಗ. ಅಕ್ಕಿ ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳಿಸಿದಳು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತಂದ ಯಂತ್ರ ಸುಮ್ಮನೆ ನಿಂತರೆ ದುಡ್ಡು ಹೋಗುತ್ತದೆ ಎನಿಸುವುದು ಸಹಜ. ಆಗ ಕೈ ಬದುವಿನ ಬೇವು, ಬನ್ನಿಯ ಹಸಿ ಟೊಂಗೆಗೆ ಹೋಗುತ್ತದೆ. ಲಕ್ಕಮ್ಮನ ಮಾತು ಬೇಕಾದದ್ದು ಆ ಗಳಿಗೆಗೆ.

ಇಷ್ಟೆಲ್ಲ ಜೀವಗಳ ಲೆಕ್ಕ ಹಾಕಿ ಯಂತ್ರದ ಮುಂದೆ ನಿಂತ ಕೂಲಿಯವನನ್ನು ಮರೆತರೆ ಅದು ಘೋರ. ರಾಶಿ ಮಷಿನ್ನುಗಳಲ್ಲಿ ಕೈ ಕಳೆದುಕೊಂಡವರ ಸಂಕಟವೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ತಂದಿತು. ಚಿಪ್ಪರಿನ ಗುಣವೂ ಅದೇ ಜಾತಿಯದು. ಧೋತರದ ಚುಂಗು, ಸೀರೆಯ ಸೆರಗು, ಹೆಗಲ ಟವೆಲು ಪಿಟಿಒ ದಂಡಕ್ಕೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ವೇಳೆ ಇರುವುದಿಲ್ಲ. ದಂಡದ ಮೇಲಿನ ಕವಚವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಕಟ್ಟಿಗೆ ಸಿಕ್ಕಿಕೊಂಡಾಗ ಪಿಟಿಒ ಬಿಡಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಕಿಸೆಗೆ ಹಾಕಿಕೊಳ್ಳಿ. ಎಂಜಿನ್ ಆರಿದ ಮೇಲೂ ಒಳಗಿನ ಭಾರದ ಚಕ್ರ ಕೆಲ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವ ತನಕ ಬಾಯಿಯೊಳಗೆ ಕೈ ಹಾಕಬೇಡಿ, ಇನ್ನೊಬ್ಬರಿಂದ ಹಾಕಿಸಲೂಬೇಡಿ.